132 ವರ್ಷ ಕೈಬಿಡದ ಹೂಜಿ

ಮಾನ್ಯರೇ,
ಹೋದ ಸಂಚಿಕೆಯಲ್ಲಿ ಹಾಯಿದೋಣಿಗಳ ಅಮೆರಿಕಾಸ್ ಕಪ್ ಬಗ್ಗೆ ಓದಿದೆ. 1851ರಿಂದ 1983ರವರೆಗೆ ಕಪ್ ಅಮೆರಿಕನ್ನರ ಬಳಿಯೇ ಇತ್ತಂತೆ. 132 ವರ್ಷ ಒಬ್ಬರೇ ಗೆಲ್ಲುತ್ತಾ ಹೋದರೆ ಅದು ಆಟವೋ ಮೋಸವೋ? '12 ಮೀಟರ್ ದೋಣಿ'ಯ ಉದ್ದ ಸುಮಾರು 65 ಅಡಿ ಎಂದೂ ಬರೆದಿದ್ದೀರಿ. 12 ಮೀಟರ್ ಎಂದರೆ 40 ಅಡಿಯೂ ಆಗುವುದಿಲ್ಲವಲ್ಲ, ಅಚ್ಚಿನ ತಪ್ಪೇ? ಭಾರತ ಯಾಕೆ ಇದರಲ್ಲಿಲ್ಲ?
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ:

ಅಚ್ಚಿನ ತಪ್ಪಲ್ಲ, ಆ ಲೆಕ್ಕಕ್ಕೆ ಆಮೇಲೆ ಬರೋಣ. ಮೊದಲ ಪ್ರಶ್ನೆಗೆ ನಮ್ಮ ಉತ್ತರ: ಮೋಸ ಎನ್ನಲಾಗದು, ಆದರೆ ಸರಿಸಮನಾದ ಆಟವೂ ಆಗಿರಲಿಲ್ಲ. ಕಪ್ ಇಟ್ಟುಕೊಂಡವರೇ ಷರತ್ತನ್ನೂ ಬರೆಯುತ್ತಿದ್ದರು. ಈ ಸ್ಪರ್ಧೆಯ ಇತಿಹಾಸ ತಿಳಿಯಬೇಕಾದರೆ ಗೆದ್ದವರ ಪಟ್ಟಿಗಿಂತ ಮೊದಲು ಒಂದು ದಾನಪತ್ರವನ್ನು ಓದಬೇಕು.

1851ರ ಆಗಸ್ಟ್ 22ರಂದು ಇಂಗ್ಲೆಂಡಿನ ರಾಯಲ್ ಯಾಟ್ ಸ್ಕ್ವಾಡ್ರನ್, ವೈಟ್ ದ್ವೀಪವನ್ನು ಒಂದು ಸುತ್ತು ಹಾಕುವ ಸ್ಪರ್ಧೆ ಇಟ್ಟಿತ್ತು. ನ್ಯೂಯಾರ್ಕಿನಿಂದ ಬಂದ 'ಅಮೆರಿಕ' ಎಂಬ ಸ್ಕೂನರ್ (ಎರಡು ಹಾಯಿಕಂಬದ ದೋಣಿ) ಲಂಗರು ಎತ್ತುವಾಗಲೇ ಎಲ್ಲರಿಗಿಂತ ಹಿಂದೆ ಬಿತ್ತು, ಆದರೂ ಗೆದ್ದಿತು. ನ್ಯಾಬ್ ದೀಪನೌಕೆಯನ್ನು ಹೊರಗಿನಿಂದ ಬಳಸಿ ಬರುವುದು ಅಲ್ಲಿನ ವಾಡಿಕೆ. ಸೂಚನೆಗಳಲ್ಲಿ ಆ ಮಾತು ಖಚಿತವಾಗಿ ಇರಲಿಲ್ಲವಾದ್ದರಿಂದ 'ಅಮೆರಿಕ' ಒಳಗಿನಿಂದಲೇ ಹಾದುಬಂತು. ತಕರಾರು ಎದ್ದಿತು, ನಿಲ್ಲಲಿಲ್ಲ. ನಿಯಮದ ಸಂದಿಯಲ್ಲಿ ದೋಣಿ ನುಗ್ಗಿಸುವ ಚಾಳಿ ಮೊದಲ ದಿನವೇ ಶುರುವಾಯಿತು ಎನ್ನಿ. ಬಹುಮಾನವಾಗಿ ಸಿಕ್ಕಿದ್ದು ಗೆರಾರ್ಡ್ ಅಂಗಡಿಯಲ್ಲಿ ಮಾಡಿದ ಬೆಳ್ಳಿಯ ಹೂಜಿ. ಮುಂದೆ ಅಮೆರಿಕಾಸ್ ಕಪ್ ಎನಿಸಿಕೊಂಡದ್ದು ಇದೇ. ಅದಕ್ಕೆ ತಳವಿಲ್ಲ, ಹನಿ ನೀರೂ ನಿಲ್ಲುವುದಿಲ್ಲ. 1857ರಲ್ಲಿ ದೋಣಿಯ ಮಾಲೀಕರು ಅದನ್ನು ನ್ಯೂಯಾರ್ಕ್ ಯಾಟ್ ಕ್ಲಬ್ಬಿಗೆ ದಾನಪತ್ರದೊಂದಿಗೆ ಒಪ್ಪಿಸಿದರು. ಯಾವ ಪರದೇಶದ ಕ್ಲಬ್ಬಾದರೂ ಸವಾಲು ಹಾಕಬಹುದು, ಸ್ಪರ್ಧೆ ಸ್ನೇಹದ್ದಾಗಿರಬೇಕು ಎಂಬುದು ಪತ್ರದ ಆಶಯ.

ಸ್ನೇಹ ಎಷ್ಟಿತ್ತು ನೋಡಿ. 1870ರಲ್ಲಿ ಜೇಮ್ಸ್ ಆಶ್‌ಬರಿ ಎಂಬ ಇಂಗ್ಲಿಷರು 'ಕೇಂಬ್ರಿಯ' ದೋಣಿಯೊಂದಿಗೆ ಬಂದಾಗ ಕ್ಲಬ್ಬು ಅವರೊಬ್ಬರ ಎದುರು ಇಡೀ ಹಿಂಡನ್ನೇ ಇಳಿಸಿತು. ಆಶ್‌ಬರಿ ಮರುವರ್ಷ 'ಲಿವೋನಿಯ' ತೆಗೆದುಕೊಂಡು, ವಕೀಲರ ಸಲಹೆಯನ್ನೂ ಕಟ್ಟಿಕೊಂಡು ಬಂದರು. ಒಂದಕ್ಕೆ ಒಂದು ದೋಣಿ ಎಂದು ಕ್ಲಬ್ಬು ಒಪ್ಪಿತು. ಆದರೆ ನಾಲ್ಕು ದೋಣಿ ಸಿದ್ಧವಿಟ್ಟುಕೊಂಡು, ಬೆಳಿಗ್ಗೆ ಗಾಳಿ ನೋಡಿ ಯಾವುದನ್ನು ಇಳಿಸಬೇಕೆಂದು ತಾನೇ ಆರಿಸುವ ಹಕ್ಕನ್ನು ಬಿಟ್ಟುಕೊಡಲಿಲ್ಲ. ಮೆಲುಗಾಳಿಗೆ 'ಕೊಲಂಬಿಯ', ಬಿರುಗಾಳಿಗೆ 'ಸ್ಯಾಫೊ'. 'ಕೊಲಂಬಿಯ'ದ ಚುಕ್ಕಾಣಿ ಕೆಟ್ಟ ದಿನ ಮಾತ್ರ ಆಶ್‌ಬರಿ ಗೆದ್ದರು. ಫಲಿತಾಂಶ 4–1.

1880ರ ದಶಕದಲ್ಲಿ ದಾನಪತ್ರವನ್ನು ಎರಡು ಸಲ ತಿದ್ದಲಾಯಿತು. 10 ತಿಂಗಳು ಮುಂಚಿತವಾಗಿ ನೋಟಿಸ್ ಕೊಡಬೇಕು, ಜೊತೆಗೆ ದೋಣಿಯ ಅಳತೆಗಳನ್ನೂ ತಿಳಿಸಬೇಕು. ಒಂಟಿ ಹಾಯಿಕಂಬದ ದೋಣಿಯಾದರೆ ನೀರಿನ ಮಟ್ಟದಲ್ಲಿ 65ರಿಂದ 90 ಅಡಿ ಉದ್ದ ಇರಬೇಕು. ಸವಾಲಿನ ದೋಣಿ ಸ್ಪರ್ಧೆಯ ಜಾಗಕ್ಕೆ ಸ್ವಂತ ಹಾಯಿ ಬಿಚ್ಚಿಯೇ ಬರಬೇಕು. ನಮ್ಮ ಅಭಿಪ್ರಾಯದಲ್ಲಿ ನಿಮ್ಮ 132 ವರ್ಷದ ಒಗಟಿಗೆ ಅರ್ಧ ಉತ್ತರ ಈ ಕೊನೆಯ ಷರತ್ತಿನಲ್ಲೇ ಇದೆ. ಅಟ್ಲಾಂಟಿಕ್ ದಾಟಿ ಬರುವ ದೋಣಿಗೆ ದಪ್ಪ ಹಲಗೆ, ಗಟ್ಟಿ ಚೌಕಟ್ಟು ಬೇಕೇ ಬೇಕು, ಅಂದರೆ ತೂಕ. ಕಪ್ ಉಳಿಸಿಕೊಳ್ಳುವವರ ದೋಣಿ ಆ ಒಂದು ಬೇಸಿಗೆಯ ಪಂದ್ಯ ಮುಗಿಯುವವರೆಗೆ ಬಾಳಿದರೆ ಸಾಕು. 1903ರ 'ರಿಲಯನ್ಸ್' ಅಂಥದ್ದೇ: ಸುಮಾರು 16,000 ಚದರ ಅಡಿ ಹಾಯಿ ಹೊತ್ತ ದೈತ್ಯ. ಅದಕ್ಕೆ ಸೋತವರು ಥಾಮಸ್ ಲಿಪ್ಟನ್. ಹೌದು, ಚಹಾ ಪೊಟ್ಟಣದ ಮೇಲಿನ ಅದೇ ಲಿಪ್ಟನ್. 1899ರಿಂದ 1930ರವರೆಗೆ ಐದು 'ಶ್ಯಾಮ್‌ರಾಕ್' ಕಟ್ಟಿಸಿ ಐದು ಸಲವೂ ಸೋತರು. 1920ರಲ್ಲಂತೂ 2–0 ಮುಂದಿದ್ದು 2–3ಕ್ಕೆ ಕೈಚೆಲ್ಲಿದರು. ಕೊನೆಗೆ ಅಮೆರಿಕದ ಜನರೇ ಚಂದಾ ಎತ್ತಿ ಅವರಿಗೊಂದು ಚಿನ್ನದ ಬಟ್ಟಲು ಕೊಟ್ಟರು.

1956ರಲ್ಲಿ ಕೋರ್ಟಿನ ಅನುಮತಿ ಪಡೆದು ಸ್ವಂತ ಹಾಯಿಯಲ್ಲೇ ಬರಬೇಕೆಂಬ ಷರತ್ತನ್ನು ತೆಗೆದರು, ಕನಿಷ್ಠ ಉದ್ದವನ್ನು 44 ಅಡಿಗೆ ಇಳಿಸಿದರು. 1958ರಿಂದ 12 ಮೀಟರ್ ದೋಣಿಗಳು ಬಂದವು. ಈಗ ನಿಮ್ಮ ಎರಡನೇ ಪ್ರಶ್ನೆ.

ಇಲ್ಲಿ 12 ಎಂಬುದು ಒಂದು ಸೂತ್ರದ ಉತ್ತರ, ದೋಣಿಯ ಉದ್ದವಲ್ಲ. ನಿಗದಿತ ಮಟ್ಟದಲ್ಲಿ ಅಳೆದ ಉದ್ದ, ಹೊಟ್ಟೆಯನ್ನು ಮೈಗೆ ಅಂಟಿಸಿ ಅಳೆದ ಮತ್ತು ದಾರ ಬಿಗಿದು ಅಳೆದ ಸುತ್ತಳತೆಗಳ ವ್ಯತ್ಯಾಸದ ಎರಡರಷ್ಟು, ಹಾಯಿಯ ವಿಸ್ತೀರ್ಣದ ವರ್ಗಮೂಲ, ಈ ಮೂರನ್ನು ಕೂಡಿಸಿ. ನೀರಿನಿಂದ ಮೇಲಿರುವ ಅಂಚಿನ ಎತ್ತರವನ್ನು ಕಳೆಯಿರಿ. ಬಂದದ್ದನ್ನು 2.37ರಿಂದ ಭಾಗಿಸಿದರೆ 12 ಮೀಟರ್ ಮೀರಬಾರದು. ಅಂದರೆ ಭಾಗಿಸುವ ಮುಂಚಿನ ಮೊತ್ತ ಹೆಚ್ಚೆಂದರೆ 28.44. ಉದಾಹರಣೆಗೆ, ಹಾಯಿ 169 ಚದರ ಮೀಟರ್ ಇದ್ದರೆ ವರ್ಗಮೂಲ 13. ಉದ್ದದಲ್ಲಿ ಒಂದು ಮೀಟರ್ ಬಿಟ್ಟುಕೊಟ್ಟರೆ ವರ್ಗಮೂಲ 14ಕ್ಕೆ ಏರಿಸಬಹುದು, ಹಾಯಿ 196 ಆಗುತ್ತದೆ: 27 ಚದರ ಮೀಟರ್ ಲಾಭ. ಉದ್ದ ಹೆಚ್ಚಿದರೆ ನೇರ ಓಟದಲ್ಲಿ ವೇಗ, ಹಾಯಿ ಹೆಚ್ಚಿದರೆ ಮೆಲುಗಾಳಿಯಲ್ಲಿ ಚುರುಕು. ವಿನ್ಯಾಸಕಾರರ ಜಗಳವೆಲ್ಲ ಈ ಕೊಡುಕೊಳ್ಳುವಿಕೆಯದ್ದೇ.

ಈ ಸೂತ್ರದೊಳಗೇ ಇದ್ದು ಹೊಸ ದಾರಿ ಹುಡುಕಿದವರು ಆಸ್ಟ್ರೇಲಿಯದ ಬೆನ್ ಲೆಕ್ಸನ್. ದೋಣಿಯ ಅಡಿಗೆ ಭಾರಕ್ಕಾಗಿ ಇಳಿಬಿಡುವ ಕೀಲ್ ಸಾಮಾನ್ಯವಾಗಿ ಮೇಲೆ ಅಗಲ, ಕೆಳಗೆ ಕಿರಿದು. 'ಆಸ್ಟ್ರೇಲಿಯಾ 2' ದೋಣಿಯಲ್ಲಿ ಅದು ತಲೆಕೆಳಗಾಗಿತ್ತು, ತುದಿಗೆ ಎರಡು ಬದಿಯಲ್ಲೂ ಕೆಳಮುಖವಾದ ರೆಕ್ಕೆಗಳಿದ್ದವು. ಸೀಸದ ಭಾರ ಆಳಕ್ಕೆ ಇಳಿದಷ್ಟೂ ದೋಣಿ ಗಾಳಿಗೆ ಕಡಿಮೆ ವಾಲುತ್ತದೆ. ವಾಲಿದಾಗ ಮಾಮೂಲಿ ಕೀಲ್‌ನ ಆಳ ಕುಗ್ಗಿ ದೋಣಿ ಪಕ್ಕಕ್ಕೆ ಜಾರತೊಡಗುತ್ತದೆ. ಇಲ್ಲಿ ವಾಲಿದ ಬದಿಯ ರೆಕ್ಕೆ ಇನ್ನಷ್ಟು ಕೆಳಗಿಳಿದು ಆ ಜಾರುವಿಕೆಯನ್ನು ತಡೆಯುತ್ತದೆ. ಇದಕ್ಕೂ ಬೆಲೆಯಿದೆ. ನೀರಿಗೆ ತಾಗುವ ಮೈ ಹೆಚ್ಚಾಗುವುದರಿಂದ ಗಾಳಿ ತೀರಾ ಕಡಿಮೆಯಿದ್ದಾಗ ರೆಕ್ಕೆಯೇ ಎಳೆತವಾಗುತ್ತದೆ. ದೋಣಿಯನ್ನು ನೀರಿನಿಂದ ಎತ್ತಿದಾಗಲೆಲ್ಲ ಕೀಲ್ ಕಾಣದಂತೆ ಪರದೆ ಕಟ್ಟುತ್ತಿದ್ದರು. ನ್ಯೂಯಾರ್ಕ್ ಕ್ಲಬ್ಬು ಅದು ನಿಯಮಬಾಹಿರವೆಂದು ತಕರಾರು ತೆಗೆದು, ಬಳಿಕ ಹಿಂದೆ ಸರಿಯಿತು.

ಹಾಗೆಂದು ರೆಕ್ಕೆಯೇ ಕಪ್ ಗೆದ್ದುಕೊಟ್ಟಿತು ಎನ್ನುವ ಜನಪ್ರಿಯ ಮಾತನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಆಸ್ಟ್ರೇಲಿಯ 1–3 ಹಿಂದಿದ್ದು 3–3ಕ್ಕೆ ತಂದಿತ್ತು. 1983ರ ಸೆಪ್ಟೆಂಬರ್ 26ರ ಏಳನೇ ಪಂದ್ಯದಲ್ಲಿ, ಐದನೇ ಹಂತ ಶುರುವಾಗುವಾಗ ಅಮೆರಿಕದ ಡೆನಿಸ್ ಕಾನರ್ ಅವರ 'ಲಿಬರ್ಟಿ' 57 ಸೆಕೆಂಡು ಮುಂದಿತ್ತು. ಅದು ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಓಡುವ ಹಂತ, ರೆಕ್ಕೆಯ ಲಾಭ ಅಲ್ಲಿ ಅಷ್ಟಾಗಿ ಇಲ್ಲ. ನಾಯಕ ಜಾನ್ ಬರ್ಟ್ರಂಡ್ ಮತ್ತು ತಂಡ ಹೆಚ್ಚು ಗಾಳಿಯಿದ್ದ ಪಟ್ಟಿ ಹುಡುಕಿ ಅಲ್ಲೇ ಮುಂದೆ ಬಂದರು, 41 ಸೆಕೆಂಡಿನಿಂದ ಗೆದ್ದರು. ದೋಣಿ ಅವರನ್ನು ಏಳನೇ ಪಂದ್ಯದವರೆಗೆ ತಂದಿತು, ಉಳಿದದ್ದು ಗಾಳಿ ಓದುವ ಕಣ್ಣು.

ಕಪ್ ಕೈಬದಲಾದ ಮೇಲೆ ಬೇರೆಯವರೂ ದಾನಪತ್ರವನ್ನು ಸಾಲುಸಾಲಾಗಿ ಓದತೊಡಗಿದರು. 1987ರಲ್ಲಿ ಕಾನರ್ ಆಸ್ಟ್ರೇಲಿಯದ ಫ್ರೀಮ್ಯಾಂಟಲ್‌ನಲ್ಲಿ ಕಪ್ ಮರಳಿ ಗೆದ್ದು ಸ್ಯಾನ್ ಡಿಯೇಗೊ ಕ್ಲಬ್ಬಿಗೆ ಒಯ್ದರು. ಎರಡೂ ಕಡೆಯವರು ಒಪ್ಪಿದರೆ ಯಾವ ಮಾದರಿಯ ದೋಣಿಯಾದರೂ ಆದೀತು. ಒಪ್ಪದಿದ್ದರೆ ದಾನಪತ್ರದ ಮೂಲ ಅಳತೆಯೇ ಗತಿ. ನ್ಯೂಜಿಲೆಂಡಿನ ಮೈಕೆಲ್ ಫೇ ಇದನ್ನೇ ಹಿಡಿದು 90 ಅಡಿಯ ದೋಣಿಯೊಂದಿಗೆ ಸವಾಲು ಹಾಕಿದರು. ದಾನಪತ್ರದಲ್ಲಿ ಜೋಡಿ ಒಡಲಿನ ದೋಣಿ ಬೇಡ ಎಂದು ಎಲ್ಲಿದೆ ಎಂದು ಕೇಳಿ ಕಾನರ್ 60 ಅಡಿಯ ಕೆಟಮರಾನ್ ತಂದರು. 1988ರ ಪಂದ್ಯವನ್ನು ಕಾನರ್ 2–0ರಿಂದ ಗೆದ್ದರು, ನೋಡಲು ಏನೂ ಇರಲಿಲ್ಲ. ನಿಜವಾದ ಪಂದ್ಯ ನ್ಯೂಯಾರ್ಕಿನ ನ್ಯಾಯಾಲಯಗಳಲ್ಲಿ ನಡೆಯಿತು: 1989ರಲ್ಲಿ ಕಪ್ ನ್ಯೂಜಿಲೆಂಡಿಗೆ ಎಂದಿತು ಒಂದು ಕೋರ್ಟು, ಅದೇ ವರ್ಷ ಮೇಲ್ಮನವಿಯಲ್ಲಿ ತೀರ್ಪು ತಿರುಗಿತು, 1990ರಲ್ಲಿ ಅದೇ ಖಾಯಂ ಆಯಿತು.

ಮುಂದಿನದನ್ನು ಬೇಗ ಹೇಳುತ್ತೇವೆ. 1995ರಲ್ಲಿ ನ್ಯೂಜಿಲೆಂಡ್, 2003ರಲ್ಲಿ ಸಮುದ್ರವೇ ಇಲ್ಲದ ಸ್ವಿಟ್ಜರ್ಲೆಂಡ್. 2010ರಲ್ಲಿ ಮತ್ತೆ ಕೋರ್ಟು ದಾಟಿ ಬಂದ ಸ್ಪರ್ಧೆ. ನಮ್ಮ ಬೆಂಗಳೂರಿನಲ್ಲೂ ಕಚೇರಿಗಳಿರುವ ಒರಾಕಲ್‌ನ ಲ್ಯಾರಿ ಎಲಿಸನ್ ಅವರ ತಂಡ 223 ಅಡಿ ಎತ್ತರದ ಗಟ್ಟಿ ರೆಕ್ಕೆಯನ್ನೇ ಹಾಯಿಯಾಗಿ ನಿಲ್ಲಿಸಿ ಗೆದ್ದಿತು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೋಣಿಗಳು ನೀರಿನಿಂದ ಮೇಲೆದ್ದು ಫಾಯಿಲ್ ಎಂಬ ನೀರೊಳಗಿನ ರೆಕ್ಕೆಗಳ ಮೇಲೆ ಓಡಿದವು. ಅಲ್ಲಿ ನ್ಯೂಜಿಲೆಂಡ್ 8–1 ಮುಂದಿದ್ದು 8–9ಕ್ಕೆ ಸೋತಿತು. 13ನೇ ಪಂದ್ಯದಲ್ಲಿ ಬಹಳ ಮುಂದಿದ್ದಾಗ ಗಾಳಿ ಸತ್ತು, 40 ನಿಮಿಷದ ಗಡುವು ಮೀರಿ ಪಂದ್ಯವೇ ರದ್ದಾಯಿತು. 2017ರಲ್ಲಿ ಸೇಡು ತೀರಿಸಿಕೊಂಡ ನ್ಯೂಜಿಲೆಂಡ್ 2021 ಮತ್ತು 2024ರಲ್ಲೂ ಕಪ್ ಉಳಿಸಿಕೊಂಡಿತು. ಈಗಿನ ಎಸಿ75 ಮಾದರಿಯ ದೋಣಿಗೆ ಭಾರದ ಕೀಲ್ ಇಲ್ಲ. ಫಾಯಿಲ್‌ನಿಂದ ಕೆಳಗೆ ಬಿದ್ದರೆ ಮತ್ತೆ ಮೇಲೇಳುವುದೇ ಕಷ್ಟ. 2021ರಲ್ಲಿ ಎಂಟನೇ ಪಂದ್ಯದಲ್ಲಿ ಎರಡೂ ದೋಣಿಗಳು ಹಾಗೆ ಬಿದ್ದವು. ಮೊದಲು ಬಿದ್ದ ನ್ಯೂಜಿಲೆಂಡೇ ಕೊನೆಗೆ ಗೆದ್ದಿತು, ಏಕೆಂದರೆ ಮುಂದೆ ಹೋಗಿದ್ದ ಇಟಲಿಯ 'ಲೂನಾ ರೋಸಾ' ಆಮೇಲೆ ಬಿತ್ತು.

ಭಾರತದ ವಿಷಯ. ದಾನಪತ್ರದ ದೃಷ್ಟಿಯಿಂದ ಅಡ್ಡಿಯಿಲ್ಲ. ವ್ಯವಸ್ಥಿತವಾದ ಕ್ಲಬ್ ಇರಬೇಕು, ಅದು ವರ್ಷಕ್ಕೊಮ್ಮೆ ಸಮುದ್ರದಲ್ಲಿ ಅಥವಾ ಸಮುದ್ರದ ಕವಲಿನಲ್ಲಿ ಸ್ಪರ್ಧೆ ನಡೆಸುತ್ತಿರಬೇಕು. 1846ರಿಂದ ಇರುವ ರಾಯಲ್ ಬಾಂಬೆ ಯಾಟ್ ಕ್ಲಬ್ಬಿನಂಥ ಸಂಸ್ಥೆಗೆ ಇದು ದೊಡ್ಡದಲ್ಲ. ಕೆಆರ್‌ಎಸ್ ಹಿನ್ನೀರಿನ ಸ್ಪರ್ಧೆ ಮಾತ್ರ ಲೆಕ್ಕಕ್ಕೆ ಬರುವುದು ಕಷ್ಟ. ದೋಣಿ ಸವಾಲು ಹಾಕುವ ದೇಶದಲ್ಲೇ ತಯಾರಾಗಿರಬೇಕು ಎಂಬ ಸಾಲು ಮುಖ್ಯವಾದದ್ದು. ಕಾರ್ಬನ್ ಫೈಬರ್ ಒಡಲನ್ನು ಮಿಲಿಮೀಟರ್ ಲೆಕ್ಕದಲ್ಲಿ ಕಟ್ಟುವ ಕಾರ್ಖಾನೆ, ಅದನ್ನು ವರ್ಷಗಟ್ಟಲೆ ಸಾಕುವ ಹಣ, ಎರಡೂ ಬೇಕು. ಇನ್ನು ಮೊದಲ ಸವಾಲುಗಾರರ ಸ್ಥಾನ: ನಿಯಮಗಳನ್ನು ಗೆದ್ದವರ ಜೊತೆ ಕೂತು ಬರೆಯುವವರು ಅವರೇ. ಕಪ್ ಗೆದ್ದ ದೋಣಿ ಗುರಿ ದಾಟಿದ ಕ್ಷಣದಲ್ಲೇ, ಮೊದಲೇ ಮಾತಾಡಿಕೊಂಡ ಕ್ಲಬ್ಬಿನವರು ಸವಾಲಿನ ಪತ್ರವನ್ನು ಕೈಗಿಡುತ್ತಾರೆ. 2021ರಲ್ಲಿ ಹಾಗೆ ಕೊಟ್ಟವರು ಬ್ರಿಟನ್ನಿನ ರಾಯಲ್ ಯಾಟ್ ಸ್ಕ್ವಾಡ್ರನ್, 1851ರಲ್ಲಿ ಹೂಜಿ ಕಳೆದುಕೊಂಡ ಅದೇ ಕ್ಲಬ್ಬು. ಹೊಸದಾಗಿ ಬರುವ ದೇಶ ಅವರ ಹಿಂದಿನ ಸಾಲಿನಲ್ಲಿ ನಿಂತು, ಅವರು ಬರೆದ ನಿಯಮಕ್ಕೆ ಸಹಿ ಹಾಕಿ, ಸವಾಲುಗಾರರ ನಡುವಿನ ಸುತ್ತುಗಳಿಂದ ಆಟ ಶುರು ಮಾಡಬೇಕು.