ಮರದ ಮಹಡಿಯ ಮೇಲೆ ಸಿಮ್ ರೇಸಿಂಗ್ ರಿಗ್: ಶೇಕರ್ ಕೊಳ್ಳುವ ಮುನ್ನ ನೋಡಬೇಕಾದದ್ದು

ಸೋಮವಾರಪೇಟೆ ಹತ್ತಿರದ ತೋಟದ ಮನೆಯ ಮೇಲಂತಸ್ತಿನಲ್ಲಿ, ಹಲಗೆ ಹಾಸಿದ ನೆಲದ ಮೇಲೆ ರೇಸಿಂಗ್ ರಿಗ್, ಅಂದರೆ ಕಂಪ್ಯೂಟರಿನ ಕಾರ್ ಓಟದ ಆಟಕ್ಕೆ ಸೀಟು, ಸ್ಟೀರಿಂಗ್, ಪೆಡಲ್ ಬಿಗಿದ ಚೌಕಟ್ಟು, ಕಟ್ಟಬೇಕೆಂದು ಬರೆದಿದ್ದೀರಿ. ಲಾಜಿಟೆಕ್ ಜಿ29 ಸ್ಟೀರಿಂಗ್ ಮತ್ತು ಪೆಡಲ್‌ಗಳು ನಿಮ್ಮಲ್ಲಿವೆ, ಕಂಪ್ಯೂಟರ್ ಇದೆ, ನಾಲ್ಕು ಬಾಸ್ ಶೇಕರ್‌ಗಳನ್ನು ಒಟ್ಟಿಗೆ ತರಿಸುವ ಯೋಚನೆಯಿದೆ, ಆದರೆ ಕೆಳಗಿನ ಕೋಣೆಯಲ್ಲಿ ಮನೆಯ ಹಿರಿಯರು ಮಲಗುತ್ತಾರೆ. ಇದುವರೆಗೆ ಬಂದ ಉತ್ತರಗಳೆಲ್ಲ ಯಾವ ಶೇಕರ್ ಒಳ್ಳೆಯದು ಎಂಬುದರ ಸುತ್ತಲೇ ಇವೆ. ನನ್ನ ಸಲಹೆ ಬೇರೆ. ಶೇಕರ್‌ಗಳ ಸಂಖ್ಯೆಯನ್ನು ಸದ್ಯಕ್ಕೆ ಎರಡಕ್ಕೆ ಇಳಿಸಿ, ಉಳಿಯುವ ಹಣವನ್ನು ಚೌಕಟ್ಟಿನ ಬಿಗಿತಕ್ಕೂ ಅದರ ಕೆಳಗಿನ ರಬ್ಬರಿಗೂ ತೆಗೆದಿಡಿ. ಕಂಪನ ಹುಟ್ಟಿಸುವುದು ಸುಲಭ. ಅದು ಹೋಗಬಾರದ ಕಡೆಗೆ ಹೋಗದಂತೆ ತಡೆಯುವುದೇ ನಿಮ್ಮ ಮನೆಯಲ್ಲಿ ಮುಖ್ಯವಾದ ಕೆಲಸ.

ಇಡೀ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿದೆ. ಆಟವು ಕಾರಿನ ವೇಗ, ಎಂಜಿನ್ ಸುತ್ತು, ಪ್ರತಿ ಚಕ್ರದ ಜಾರುವಿಕೆ, ಸಸ್ಪೆನ್ಷನ್ನಿನ ಏರಿಳಿತ ಮುಂತಾದ ಟೆಲಿಮೆಟ್ರಿಯನ್ನು ಕ್ಷಣಕ್ಷಣಕ್ಕೂ ಹೊರಗೆ ಕಳುಹಿಸುತ್ತಿರುತ್ತದೆ. ಸಿಮ್‌ಹಬ್‌ನಂತಹ ತಂತ್ರಾಂಶ ಅದನ್ನು ಓದಿ ಕೆಳಸ್ತರದ ಧ್ವನಿಯಾಗಿ ಮಾರ್ಪಡಿಸುತ್ತದೆ, ಆಂಪ್ಲಿಫೈಯರ್ ಆ ಧ್ವನಿಗೆ ಬಲ ತುಂಬುತ್ತದೆ, ಶೇಕರ್ ಅದನ್ನು ಅಲುಗಾಟವಾಗಿ ಸೀಟಿಗೆ ಮುಟ್ಟಿಸುತ್ತದೆ. ಶೇಕರ್ ಎಂದರೆ ಕಾಗದದ ಕೋನ್ ಇಲ್ಲದ, ಅದರ ಬದಲಿಗೆ ಒಂದು ತೂಕವನ್ನು ಅಲ್ಲಾಡಿಸುವ ಸ್ಪೀಕರ್ ಅಷ್ಟೇ. ಜಿ29 ಸ್ಟೀರಿಂಗ್ ಕೈಗೆ ಕೊಡುವ ಸುದ್ದಿ ಬಹುಪಾಲು ಮುಂದಿನ ಎರಡು ಚಕ್ರಗಳದ್ದು. ಹಿಂದಿನ ಚಕ್ರ ಹಿಡಿತ ಬಿಡುತ್ತಿದೆಯೇ, ಬ್ರೇಕ್ ಒತ್ತಿದಾಗ ಟೈರ್ ಲಾಕ್ ಆಯಿತೇ (ತಿರುಗುವುದು ನಿಂತು ಜಾರತೊಡಗಿತೇ) ಎಂಬುದನ್ನು ನಿಜವಾದ ಕಾರಿನಲ್ಲಿ ಸೊಂಟ ಮತ್ತು ಪಾದಗಳು ಹೇಳುತ್ತವೆ. ಶೇಕರ್ ತುಂಬಬೇಕಾದ ಕೊರತೆ ಅದು. ಮಾಂದಲಪಟ್ಟಿ ಬೆಟ್ಟಕ್ಕೆ ಬಾಡಿಗೆ ಜೀಪಿನ ಹಿಂಬದಿಯಲ್ಲಿ ಕೂತು ಹೋದವರಿಗೆ ಮೈಯೆಲ್ಲ ಅಲುಗುವುದು ಗೊತ್ತಾಗುತ್ತದೆಯೇ ಹೊರತು ಯಾವ ಚಕ್ರ ಯಾವ ಕಲ್ಲು ಹತ್ತಿತು ಎಂಬುದು ಗೊತ್ತಾಗುವುದಿಲ್ಲ. ಸಡಿಲ ಚೌಕಟ್ಟಿಗೆ ನಾಲ್ಕು ಶೇಕರ್ ಬಿಗಿದರೆ ಸಿಗುವುದೂ ಅಂಥ ಅನುಭವವೇ.

ಚೌಕಟ್ಟಿಗೆ ಬೆಂಗಳೂರಿನಿಂದ ಅಲ್ಯೂಮಿನಿಯಂ ಪ್ರೊಫೈಲ್ ತರಿಸುವುದು ಅಂದವಾದ ದಾರಿ. 40×80 ಮಿಲಿಮೀಟರಿನ ಪ್ರೊಫೈಲ್ ಬೇಕಾದಷ್ಟು ಗಟ್ಟಿಯಿರುತ್ತದೆ, ನಾಳೆ ಸ್ಟೀರಿಂಗ್ ಬದಲಿಸಿದರೂ ಅಳತೆ ಸರಿಪಡಿಸಿಕೊಳ್ಳಬಹುದು. ಆದರೆ ಕುಶಾಲನಗರದಲ್ಲಿಯೋ ಗೋಣಿಕೊಪ್ಪಲಿನಲ್ಲಿಯೋ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಗೆ ಸರಿಯಾದ ನಕ್ಷೆ ಕೊಟ್ಟರೆ, 40×40 ಮಿಲಿಮೀಟರಿನ, 2 ಮಿಲಿಮೀಟರ್ ದಪ್ಪದ ಚೌಕ ಕಬ್ಬಿಣದ ಕೊಳವೆಯಲ್ಲಿ ಅದಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ಕೆಲಸವಾಗುತ್ತದೆ. ಸ್ಟೀರಿಂಗ್ ಕಂಬ ಮತ್ತು ಪೆಡಲ್ ಹಲಗೆಗಳಿಗೆ ಓರೆ ಆಧಾರ ಕಡ್ಡಾಯವಾಗಿ ಹಾಕಿಸಿ. ಜಿ29ರ ತಿರುಚು ಬಲ ಸುಮಾರು 2 ನ್ಯೂಟನ್ ಮೀಟರ್ ಮಾತ್ರ, ಅದು ಮೇಜನ್ನೂ ಅಲುಗಿಸದು. ಚೌಕಟ್ಟನ್ನು ಬಗ್ಗಿಸುವುದು ನಿಮ್ಮ ಎಡಗಾಲು. ಮುಂದೊಂದು ದಿನ ಲೋಡ್ ಸೆಲ್ ಬ್ರೇಕ್ (ಪೆಡಲ್ ಸರಿದ ದೂರದ ಬದಲು ತುಳಿದ ಬಲವನ್ನು ಅಳೆಯುವ ಬ್ರೇಕ್) ಹಾಕಿಸಿದರೆ ಹತ್ತಾರು ಕಿಲೋ ಬಲದಿಂದ ತುಳಿಯಬೇಕಾಗುತ್ತದೆ. ಆಗ ಪೆಡಲ್ ಹಲಗೆ ಒಂದೆರಡು ಮಿಲಿಮೀಟರ್ ಹಿಂದೆ ಸರಿದರೂ ಬ್ರೇಕಿನ ಅಂದಾಜು ಕೆಡುತ್ತದೆ. ಕಂಪನದ ವಿಷಯದಲ್ಲೂ ಅಷ್ಟೇ, ಬಾಗುವ ಭಾಗ ಶೇಕರಿನ ಶಕ್ತಿಯನ್ನು ನುಂಗಿ ತನ್ನದೇ ಸ್ವರದಲ್ಲಿ ಗುಂಯ್‌ಗುಡುತ್ತದೆ.

ಸೀಟಿಗೆ ಗುಜರಿಯಲ್ಲಿ ಸಿಗುವ ಹಳೆಯ ಕಾರಿನ ಮುಂದಿನ ಸೀಟು ಸಾಕು. ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಸೀಟನ್ನು ಮಾತ್ರ ತರಬೇಡಿ; ಅದರೊಳಗೆ ಸ್ಫೋಟಕ ಇರುತ್ತದೆ, ಬಿಚ್ಚಿ ವೈರ್ ತಡಕಾಡುವುದು ಅಪಾಯ.

ಇನ್ನು ನಿಮ್ಮ ಹಲಗೆ ನೆಲ. ಮರದ ತೊಲೆಗಳ ಮೇಲೆ ನಿಂತ ನೆಲವು ಎರಡು ಗೋಡೆಗಳ ನಡುಮಧ್ಯದಲ್ಲಿ ಹೆಚ್ಚು ಅಲುಗುತ್ತದೆ, ತೊಲೆಯ ತುದಿ ಗೋಡೆಯ ಮೇಲೆ ಕುಳಿತಿರುವ ಕಡೆ ಕಡಿಮೆ ಅಲುಗುತ್ತದೆ. ಆದ್ದರಿಂದ ರಿಗ್ಗನ್ನು ಕೋಣೆಯ ನಡುವೆ ಇಡದೆ ತೊಲೆಯ ತುದಿಗಳಿರುವ ಗೋಡೆಗೆ ಸಮೀಪದಲ್ಲಿ, ಕನಿಷ್ಠ ಎರಡು ಮೂರು ತೊಲೆಗಳ ಮೇಲೆ ತೂಕ ಹರಡುವಂತೆ ಅಡ್ಡಲಾಗಿ ಇಡಬೇಕು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಆದರೂ ಹೆಚ್ಚಿನವರು ಕಿಟಕಿಯ ನೋಟ ನೋಡಿ ಜಾಗ ಆರಿಸುತ್ತಾರೆ.

ಅನಂತರ ರಬ್ಬರ್. ವಾಷಿಂಗ್ ಮೆಷಿನ್ ಕೆಳಗೆ ಇಡುವ ಗಟ್ಟಿ ಬಿಲ್ಲೆಗಳನ್ನು ಇಟ್ಟರೆ ಸಾಕೆಂದು ಒಬ್ಬರು ಇಲ್ಲಿ ಬರೆದಿದ್ದಾರೆ. ಅದು ಸಾಲದು ಎಂಬುದಕ್ಕೆ ಲೆಕ್ಕವೇ ಇದೆ. ತೂಕ ಕೂತಾಗ ರಬ್ಬರ್ ಎಷ್ಟು ಮಿಲಿಮೀಟರ್ ಕುಗ್ಗುತ್ತದೆಯೋ ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿದರೆ ಆ ವ್ಯವಸ್ಥೆಯ ಸಹಜ ಕಂಪನಾಂಕ, ಅಂದರೆ ಅದು ತಾನಾಗಿ ಸೆಕೆಂಡಿಗೆ ಎಷ್ಟು ಬಾರಿ ಅಲುಗುತ್ತದೆ ಎಂಬುದು, ಸುಮಾರಾಗಿ ಹರ್ಟ್ಜ್‌ನಲ್ಲಿ ಸಿಗುತ್ತದೆ. 1 ಮಿಲಿಮೀಟರ್ ಕುಗ್ಗಿದರೆ ಸುಮಾರು 16, 4 ಮಿಲಿಮೀಟರ್ ಕುಗ್ಗಿದರೆ ಸುಮಾರು 8 ಹರ್ಟ್ಜ್; ರಬ್ಬರಿನಲ್ಲಿ ನಿಜವಾದ ಅಂಕೆ ಇದಕ್ಕಿಂತ ತುಸು ಮೇಲೆಯೇ ಇರುತ್ತದೆ. ಸಹಜ ಕಂಪನಾಂಕದ 1.4 ಪಟ್ಟಿಗಿಂತ ಮೇಲಿನ ಕಂಪನಗಳನ್ನು ಮಾತ್ರ ರಬ್ಬರ್ ತಡೆಯುತ್ತದೆ, ಅದಕ್ಕಿಂತ ಕೆಳಗಿನದನ್ನು ಹಾಗೆಯೇ ಬಿಡುತ್ತದೆ, ಸಹಜ ಕಂಪನಾಂಕದ ಆಸುಪಾಸಿನದನ್ನಂತೂ ಇನ್ನಷ್ಟು ದೊಡ್ಡದು ಮಾಡುತ್ತದೆ. ಶೇಕರ್‌ಗಳು ಹೆಚ್ಚಾಗಿ ದುಡಿಯುವುದು 25ರಿಂದ 60 ಹರ್ಟ್ಜ್ ನಡುವೆ. ಹಾಗಾಗಿ ನೀವು ಕೂತಾಗ ರಬ್ಬರ್ 3–4 ಮಿಲಿಮೀಟರ್ ಕುಗ್ಗಲೇಬೇಕು. ಕೂತರೂ ಕುಗ್ಗದ ಬಿಲ್ಲೆ ನೆಲಕ್ಕೆ ಗೀರು ಬೀಳದಂತೆ ಕಾಯುತ್ತದೆ, ಅಷ್ಟೇ.

ಆದರೆ ಮೆತ್ತಗಿನ ರಬ್ಬರನ್ನು ನೇರವಾಗಿ ಚೌಕಟ್ಟಿನ ಕಾಲುಗಳಿಗೆ ಹಾಕಿದರೆ ಬ್ರೇಕ್ ತುಳಿದಾಗಲೆಲ್ಲ ರಿಗ್ ತೂಗಾಡುತ್ತದೆ. ಇದಕ್ಕೆ ಡ್ರಮ್ ನುಡಿಸುವವರು ಬಳಸುವ ಟೆನಿಸ್ ಚೆಂಡಿನ ವೇದಿಕೆ ಒಳ್ಳೆಯ ಪರಿಹಾರ. 18 ಮಿಲಿಮೀಟರ್ ದಪ್ಪದ ಎರಡು ಪ್ಲೈವುಡ್ ಹಾಳೆಗಳ ನಡುವೆ, ಕೆಳಗಿನ ಹಾಳೆಯಲ್ಲಿ ಕೊರೆದ ಗುಂಡಿಗಳಲ್ಲಿ ಚೆಂಡುಗಳನ್ನು ಕೂರಿಸಿ, ಮೇಲಿನ ಹಾಳೆಗೆ ಇಡೀ ರಿಗ್ಗನ್ನು ಬಿಗಿಯಬೇಕು. ಸೀಟು, ಪೆಡಲ್, ಸ್ಟೀರಿಂಗ್ ಮೂರೂ ಒಂದೇ ಗಟ್ಟಿ ಚೌಕಟ್ಟಿನಲ್ಲಿರುವುದರಿಂದ ತುಳಿತದ ಬಲ ಚೌಕಟ್ಟಿನ ಒಳಗೇ ಸರಿದೂಗುತ್ತದೆ. ಚೆಂಡುಗಳ ಮೇಲೆ ಬೀಳುವುದು ತೂಕ ಮಾತ್ರ. ಒಟ್ಟು ತೂಕಕ್ಕೆ ತಕ್ಕಂತೆ ಚೆಂಡುಗಳ ಸಂಖ್ಯೆ ಹೆಚ್ಚು ಕಡಿಮೆ ಮಾಡಿ, ಕುಗ್ಗುವಿಕೆಯನ್ನು ಅಳತೆಪಟ್ಟಿಯಿಂದ ನೋಡಿಕೊಳ್ಳಬಹುದು. ಪ್ಲೈವುಡ್ಡನ್ನು ಐಎಸ್ 710 ಗುರುತಿನ ಮೆರೈನ್ ದರ್ಜೆಯದ್ದೇ ಕೊಳ್ಳಿ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ನಮ್ಮ ಮಳೆಗಾಲದ ತೇವಕ್ಕೆ ಅಂಚಿನಿಂದ ಉಬ್ಬುತ್ತದೆ.

ಈಗ ಶೇಕರ್. ಡೇಟನ್ ಆಡಿಯೋದ ಬಿಎಸ್‌ಟಿ-1 ಎಂಬ 4 ಓಮ್‌ನ ಶೇಕರ್ ಈ ಹವ್ಯಾಸದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ; ಒಂದನ್ನು ಸೀಟಿನ ತಳದ ಲೋಹದ ಭಾಗಕ್ಕೆ ಹಾಕಿ. ಅದೇ ಸಂಸ್ಥೆಯ ಟಿಟಿ25 ಎಂಬ ಚಿಕ್ಕ ಬಿಲ್ಲೆಯಾಕಾರದ್ದು 8 ಮತ್ತು 16 ಓಮ್‌ಗಳಲ್ಲಿ ದೊರೆಯುತ್ತದೆ. 8 ಓಮ್‌ನದ್ದೊಂದನ್ನು ಪೆಡಲ್ ಹಲಗೆಯ ಹಿಂಬದಿಗೆ ಹಾಕಿ. ಬಟ್‌ಕಿಕರ್ ಹೆಸರಿನ ದೊಡ್ಡ ಘಟಕಗಳು ಇನ್ನೂ ಕೆಳಗಿನ ಸ್ತರಕ್ಕೆ ಇಳಿಯುತ್ತವೆ, ಗುದ್ದು ಜೋರಾಗಿರುತ್ತದೆ. ನೆಲ ಕಾಂಕ್ರೀಟಿನದಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಆದರೆ ರಬ್ಬರಿನಿಂದ ತಡೆಯಲು ಅತಿ ಕಷ್ಟವಾಗುವುದು ಆ ಕೆಳಸ್ತರವೇ. ಶೇಕರ್ ಯಾವುದಾದರೂ ಸೀಟಿನ ಸ್ಪಂಜಿಗಾಗಲಿ ಪ್ಲಾಸ್ಟಿಕ್ ಕವಚಕ್ಕಾಗಲಿ ಕೂರಿಸಬೇಡಿ, ಲೋಹಕ್ಕೆ ಬೋಲ್ಟ್ ಮಾಡಿ. ಸಾಮಾನ್ಯ ನಟ್ ಅಲುಗಾಟಕ್ಕೆ ಬಿಚ್ಚಿಕೊಳ್ಳುವುದರಿಂದ ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ ಬಳಸಿ. ಪೆಡಲ್ ಹಲಗೆ ಮತ್ತು ಚೌಕಟ್ಟಿನ ನಡುವೆ ತೆಳುವಾದ ಗಟ್ಟಿ ರಬ್ಬರ್ ತುಂಡು ಸೇರಿಸಿದರೆ ಪಾದದ ಸುದ್ದಿ ಪಾದಕ್ಕೇ ಉಳಿದು, ಸೀಟಿನ ಸುದ್ದಿಯೊಡನೆ ಬೆರೆಯುವುದು ಕಡಿಮೆಯಾಗುತ್ತದೆ.

ಎರಡು ಶೇಕರ್‌ಗಳಿಗೆ ಟಿಪಿಎ3116ಡಿ2 ಚಿಪ್ ಇರುವ ಕ್ಲಾಸ್-ಡಿ ಸ್ಟೀರಿಯೊ ಆಂಪ್ಲಿಫೈಯರ್ ಧಾರಾಳ. ಸುಮಾರು 21 ವೋಲ್ಟ್ ಕೊಟ್ಟರೆ 4 ಓಮ್‌ಗೆ ಒಂದೊಂದು ಬದಿಯಲ್ಲಿ 50 ವಾಟ್ ಕೊಡಬಲ್ಲ ಚಿಪ್ ಅದು. ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರಿನಲ್ಲೂ ತೃಪ್ತಿಕರವಾಗಿ ನಡೆಯುತ್ತದೆ. ಮುಂದೆ ಇನ್ನೊಂದು 4 ಓಮ್ ಶೇಕರನ್ನು ಸೀಟಿನ ಶೇಕರ್ ಇರುವ ಬದಿಗೇ ಸಮಾಂತರವಾಗಿ ಜೋಡಿಸಿದರೆ ಒಟ್ಟು ಪ್ರತಿರೋಧ 2 ಓಮ್‌ಗೆ ಇಳಿದು ಆಂಪ್ಲಿಫೈಯರ್ ಬಿಸಿಯಾಗುತ್ತದೆ. ಸರಣಿಯಲ್ಲಿ ಜೋಡಿಸಿದರೆ 8 ಓಮ್, ಅದು ಕ್ಷೇಮ. ಧ್ವನಿಗೆ ಪ್ರತ್ಯೇಕ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. 7.1 ಮಾದರಿಯ ಅಗ್ಗದ ಕಾರ್ಡ್ ತಂದರೆ ಎಂಟು ವಾಹಿನಿಗಳು (ಬೇರೆ ಬೇರೆ ಧ್ವನಿ ಕಳುಹಿಸುವ ಚಾನೆಲ್‌ಗಳು) ಸಿಗುತ್ತವೆ, ಮುಂದೆ ವಿಸ್ತರಿಸಲು ಮತ್ತೊಂದು ಕೊಳ್ಳಬೇಕಿಲ್ಲ. ಆ ಕಾರ್ಡ್ ವಿಂಡೋಸ್‌ನ ಮುಖ್ಯ ಧ್ವನಿ ಸಾಧನವಾಗದಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಯಾರಾದರೂ ಹಾಡು ಹಾಕಿದಾಗಲೂ ಸೀಟು ನಡುಗುತ್ತದೆ. ಬ್ಲೂಟೂತ್ ಬೇಡ, ಅದರ ವಿಳಂಬ ಕೈಗೂ ಕಾಲಿಗೂ ಗೊತ್ತಾಗುತ್ತದೆ.

ತಂತ್ರಾಂಶಕ್ಕೆ ಬಂದರೆ, ಸಿಮ್‌ಹಬ್‌ನ ಉಚಿತ ಆವೃತ್ತಿ ಟೆಲಿಮೆಟ್ರಿಯನ್ನು ಸೆಕೆಂಡಿಗೆ 10 ಬಾರಿ ಓದುತ್ತದೆ, ಪರವಾನಗಿ ಕೊಂಡರೆ 60 ಬಾರಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕಾರು ಹತ್ತಿರ ಹತ್ತಿರ 2.8 ಮೀಟರ್ ಸಾಗಿರುತ್ತದೆ. ಚಕ್ರ ಲಾಕ್ ಆದ ಸುದ್ದಿ ಅಷ್ಟು ತಡವಾಗಿ ಬಂದರೆ ಪ್ರಯೋಜನವಿಲ್ಲ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಈ ಚಿಕ್ಕ ಖರ್ಚು ಮೂರನೆಯ ಶೇಕರಿಗಿಂತ ಹೆಚ್ಚು ಫಲ ಕೊಡುತ್ತದೆ. ಅಸೆಟ್ಟೊ ಕೋರ್ಸಾ ಆಟದ ದತ್ತಾಂಶ ತಾನಾಗಿಯೇ ಸಿಗುತ್ತದೆ. ನೀವು ಹೆಚ್ಚು ಆಡುವುದಾಗಿ ಹೇಳಿದ ಡರ್ಟ್ ರ‍್ಯಾಲಿ 2.0ದಲ್ಲಿ ಯುಡಿಪಿ (ನೆಟ್‌ವರ್ಕ್ ಮೂಲಕ ದತ್ತಾಂಶ ರವಾನಿಸುವ ವಿಧಾನ) ಕಳುಹಿಸುವಿಕೆಯನ್ನು ಆಟದ ಹಾರ್ಡ್‌ವೇರ್ ಸೆಟ್ಟಿಂಗ್ ಕಡತದಲ್ಲಿ ಚಾಲೂ ಮಾಡಬೇಕು, ಪೋರ್ಟ್ 20777.

ಪರಿಣಾಮಗಳನ್ನು ಒಂದೊಂದಾಗಿ ಸೇರಿಸಿ. ಮೊದಲು ಚಕ್ರ ಲಾಕ್ ಆಗುವುದನ್ನು ಪೆಡಲ್ ಶೇಕರಿಗೆ, ಹಿಂದಿನ ಚಕ್ರ ಜಾರುವುದನ್ನು ಸೀಟಿಗೆ ಕೊಟ್ಟು, ಕಣ್ಣಿಗಿಂತ ಮೊದಲು ಮೈಗೆ ತಿಳಿಯುವಷ್ಟು ಮಟ್ಟ ಹೊಂದಿಸಿ. ಅನಂತರ ಗೇರ್ ಬದಲಾವಣೆಯ ಚಿಕ್ಕ ಗುದ್ದು, ಆಮೇಲೆ ರಸ್ತೆಯ ಉಬ್ಬು ತಗ್ಗು. ಎಂಜಿನ್ ಸುತ್ತಿನ ಕಂಪನವನ್ನು ಕಟ್ಟಕಡೆಗೆ, ಬಹಳ ಸಣ್ಣದಾಗಿ ಸೇರಿಸಿ, ಇಲ್ಲವೇ ಬಿಟ್ಟೇಬಿಡಿ. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಉರಿಯುವುದರಿಂದ ನಿಮಿಷಕ್ಕೆ 900 ಸುತ್ತಿಗೆ 30 ಹರ್ಟ್ಜ್, 6000 ಸುತ್ತಿಗೆ 200 ಹರ್ಟ್ಜ್ ಆಗುತ್ತದೆ. ಅಷ್ಟು ಮೇಲೆ ಹೋದಾಗ ಶೇಕರ್ ಕಂಪಿಸುವುದಕ್ಕಿಂತ ಗುಂಯ್‌ಗುಡುವುದೇ ಹೆಚ್ಚು, ಜೊತೆಗೆ ಎಡೆಬಿಡದ ಅದರ ನಡುಕದಲ್ಲಿ ಬೇಕಾದ ಸುದ್ದಿ ಮುಚ್ಚಿಹೋಗುತ್ತದೆ. ಒಂದೊಂದು ಪರಿಣಾಮಕ್ಕೂ ಬೇರೆ ಬೇರೆ ಕಂಪನಾಂಕ ಕೊಡಿ: ರಸ್ತೆಗೆ 30ರ ಆಸುಪಾಸು, ಜಾರುವಿಕೆಗೆ 45, ಲಾಕ್‌ಗೆ 60 ಎಂದು ಆರಂಭಿಸಿ ನಿಮ್ಮ ಸೀಟಿಗೆ ಹೊಂದುವಂತೆ ಬದಲಿಸಿಕೊಳ್ಳಬಹುದು. ಹೀಗೆ ಮಾಡುವಾಗ ಮನೆಯವರೊಬ್ಬರನ್ನು ಕೆಳಗಿನ ಕೋಣೆಯಲ್ಲಿ ಕೂರಿಸಿ, 20ರಿಂದ 80 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಧ್ವನಿಯನ್ನು ಶೇಕರಿಗೆ ಹರಿಸಿ, ಎಲ್ಲಿ ತೊಲೆ ಗುನುಗುತ್ತದೆ ಎಂದು ಕೇಳಿಕೊಳ್ಳಿ. ಆ ಅಂಕೆಯನ್ನು ಎಲ್ಲ ಪರಿಣಾಮಗಳಿಂದಲೂ ದೂರವಿಡಿ.

ವಿದ್ಯುತ್ತಿನ ಬಗ್ಗೆ ಎರಡು ಮಾತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಮೋಟಾರ್ ಚಾಲೂ ಆದಾಗ ವೋಲ್ಟೇಜ್ ಕುಸಿಯುವುದು ತೋಟದ ಮನೆಗಳಲ್ಲಿ ಸಾಮಾನ್ಯ. ಕಂಪ್ಯೂಟರಿಗೆ ಶುದ್ಧ ಸೈನ್ ತರಂಗದ ಇನ್ವರ್ಟರ್ ಅಥವಾ ಯುಪಿಎಸ್ ಇರಲಿ. ಚೌಕ ತರಂಗದವು ಇಂದಿನ ಕಂಪ್ಯೂಟರ್ ಪವರ್ ಸಪ್ಲೈಗಳ ಜೊತೆ ಕೆಲವೊಮ್ಮೆ ಹೊಂದುವುದಿಲ್ಲ. ಲೋಹದ ಚೌಕಟ್ಟಿನಲ್ಲಿ ಬರಿಗಾಲಲ್ಲಿ ಕೂರುವುದರಿಂದ ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಇಂಟರ್‌ನೆಟ್ ವೈರನ್ನೂ ಕಳಚಿಡಬೇಕು.

ಕಕ್ಕಡದ (ಜುಲೈ–ಆಗಸ್ಟ್ ಸುಮಾರಿನ ಕೊಡವ ತಿಂಗಳು) ಮಳೆಯಲ್ಲಿ ಬಟ್ಟೆಯ ಸೀಟಿಗೆ ಬೂಷ್ಟು ಹಿಡಿಯದೆ ಇರದು, ಆದ್ದರಿಂದ ರೆಕ್ಸಿನ್ ಹೊದಿಕೆ ಮೇಲು. ವೆಲ್ಡಿಂಗ್ ಮಾಡಿಸಿದ ಕೊಳವೆಗಳಿಗೆ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಸಿ, ಒಣಗಿದ ಮೇಲೆ ಎನಾಮಲ್ ಬಳಿಸಿ, ತೆರೆದ ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಆಂಪ್ಲಿಫೈಯರ್ ನೆಲದ ಮೇಲೆ ಬೇಡ, ಗೋಡೆಯ ಗೂಡಿನಲ್ಲಿರಲಿ.

ನಾಲ್ಕು ಶೇಕರ್ ಎಂದೂ ಬೇಡವೆಂದು ನಾನು ಹೇಳುತ್ತಿಲ್ಲ. ನಾಲ್ಕು ಚಕ್ರಗಳಿಗೆ ನಾಲ್ಕು ಮೂಲೆಗಳಿಂದ ಬೇರೆ ಬೇರೆ ಕಂಪನ ಬರುವುದು ಚೆನ್ನಾಗಿಯೇ ಇರುತ್ತದೆ, ಆದರೆ ಅದಕ್ಕೆ ಎಡ ಬಲಗಳನ್ನು ಪ್ರತ್ಯೇಕಿಸುವ ರಬ್ಬರ್ ಕೀಲುಗಳುಳ್ಳ ಸೀಟು ಬೇಕು. ಒಂದೇ ಲೋಹದ ತಟ್ಟೆಗೆ ಎರಡು ಬದಿಯಲ್ಲಿ ಶೇಕರ್ ಹಾಕಿದರೆ ಎಡವೂ ಬಲವೂ ಒಂದೇ ಎನ್ನಿಸುತ್ತದೆ. ಈ ಎರಡರ ಜೋಡಣೆ ಒಂದು ಮಳೆಗಾಲ ಕಳೆದು, ಕೆಳಗಿನ ಕೋಣೆಯಿಂದ ತಕರಾರು ಬರದಿದ್ದರೆ, ಆಗ ಸೌಂಡ್ ಕಾರ್ಡಿನ ಉಳಿದ ವಾಹಿನಿಗಳನ್ನು ಬಳಸಿಕೊಳ್ಳೋಣ. ಸದ್ಯಕ್ಕೆ ಕೋಣೆಯ ಉದ್ದಗಲ, ತೊಲೆಗಳು ಓಡುವ ದಿಕ್ಕು, ಒಂದರಿಂದ ಒಂದಕ್ಕೆ ಇರುವ ಅಂತರ ಮತ್ತು ನಿಮ್ಮ ತೂಕ ಇಷ್ಟನ್ನು ಬರೆದು ಹಾಕಿ. ವೇದಿಕೆಯ ಹಾಳೆಯ ಅಳತೆಯನ್ನೂ ಚೆಂಡುಗಳ ಜಾಗವನ್ನೂ ಗುರುತಿಸಿ ನಕ್ಷೆ ಕಳುಹಿಸುತ್ತೇನೆ.