ಶಿಕ್ಷಕರಿಗೆ ಉಡುಗೊರೆ: ಯಾರಿಗೆ, ಎಷ್ಟು, ಯಾವಾಗ?

ಪ್ರಶ್ನೆ: ನನ್ನ ಇಬ್ಬರು ಮಕ್ಕಳಿಗೆ ಒಟ್ಟು 11 ಮಂದಿ ಶಿಕ್ಷಕರು ಪಾಠ ಹೇಳುತ್ತಾರೆ. ವರ್ಷದ ಕೊನೆಗೆ ಎಲ್ಲರಿಗೂ ಏನಾದರೂ ಕೊಡಬೇಕೆಂಬ ಆಸೆ. ಆದರೆ ಹೋದ ವರ್ಷ ಒಬ್ಬೊಬ್ಬರಿಗೆಂದು ಕೊಳ್ಳುತ್ತಾ ಹೋಗಿ, ಕೊನೆಗೆ ಮನೆಖರ್ಚಿನ ಹಣಕ್ಕೇ ಕೈಹಾಕಬೇಕಾಯಿತು. ಕಡಿಮೆ ಬೆಲೆಯದನ್ನು ಕೊಟ್ಟರೆ ಅಗೌರವವಾಗುತ್ತದೆಯೇ?

ಉತ್ತರ: ಖಂಡಿತ ಆಗುವುದಿಲ್ಲ. ನಿಮ್ಮ ತೊಂದರೆ ಹುಟ್ಟಿದ್ದು ವಸ್ತುವನ್ನು ಮೊದಲು ಆರಿಸಿ ಹಣವನ್ನು ಆಮೇಲೆ ಲೆಕ್ಕ ಹಾಕಿದ್ದರಿಂದ. ಈ ಸಲ ಅದನ್ನು ತಿರುವುಮುರುವು ಮಾಡಿ. ಮನೆಯ ಯಾವ ಖರ್ಚಿಗೂ ಕುತ್ತು ಬಾರದಂತೆ ತೆಗೆದಿಡಬಹುದಾದ ಮೊತ್ತವೆಷ್ಟೆಂದು ನಿಶ್ಚಯಿಸಿ, ಅಂಗಡಿಗೆ ಹೋಗುವ ಮೊದಲೇ ಹೆಸರುಗಳ ಪಟ್ಟಿ ಬರೆಯಿರಿ. ಆ ಪಟ್ಟಿಯಲ್ಲಿ ಶಾಲಾ ವಾಹನದ ಚಾಲಕರು, ಗ್ರಂಥಾಲಯ ನೋಡಿಕೊಳ್ಳುವವರು, ಸಹಾಯಕರು ಇರಲಿ, ಏಕೆಂದರೆ ಎಲ್ಲರೂ ಮರೆಯುವುದು ಇವರನ್ನೇ. ಇಂಥವರು ಮೂವರಿದ್ದಾರೆ ಎಂದಿಟ್ಟುಕೊಳ್ಳೋಣ. ಒಟ್ಟು ಮೊತ್ತವನ್ನು 20 ಪಾಲು ಮಾಡಿ, ದಿನವಿಡೀ ಮಕ್ಕಳ ಜೊತೆಗಿರುವ ಇಬ್ಬರು ತರಗತಿ ಶಿಕ್ಷಕರಿಗೆ ಮೂರು ಮೂರು ಪಾಲು, ಉಳಿದ ಒಂಬತ್ತು ಶಿಕ್ಷಕರಿಗೂ ಈ ಮೂವರಿಗೂ ಒಂದೊಂದು ಪಾಲು ಇಟ್ಟರೆ 18 ಆಗುತ್ತದೆ. ಮಿಕ್ಕ ಎರಡು ಪಾಲು ಕಾಗದ, ಲಕೋಟೆ ಮತ್ತು ಕೊನೆಗಳಿಗೆಯಲ್ಲಿ ನೆನಪಾಗುವ ಹೆಸರಿಗೆ. ಸಹಾಯಕರ ಪಾಲು ವಿಷಯ ಶಿಕ್ಷಕರ ಪಾಲಿಗಿಂತ ಕಡಿಮೆಯಾಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಪಾಲಿಗೆ ಬರುವ ಹಣ ತೀರಾ ಸಣ್ಣದಾದರೆ ಅಗ್ಗದ ಅಲಂಕಾರದ ವಸ್ತು ಕೊಳ್ಳಬೇಡಿ. 30 ಮಕ್ಕಳ ತರಗತಿಯಲ್ಲಿ ಮೂವರಲ್ಲಿ ಒಬ್ಬರು ಕಾಫಿ ಕಪ್ ತಂದರೂ ಹತ್ತು ವರ್ಷದಲ್ಲಿ ಶಿಕ್ಷಕರ ಮನೆಯಲ್ಲಿ 100 ಕಪ್‌ಗಳಾಗುತ್ತವೆ. ಅವನ್ನು ಬಳಸಲಾಗದು, ಬಿಸಾಡಲೂ ಮನಸ್ಸು ಬಾರದು. ಸುಗಂಧದ್ರವ್ಯ, ಸೋಪು, ಉಡುಪುಗಳ ಆಯ್ಕೆಯೂ ಕಷ್ಟ, ಏಕೆಂದರೆ ಒಬ್ಬರ ಅಭಿರುಚಿಯಾಗಲಿ ಅಲರ್ಜಿಯಾಗಲಿ ನಮಗೆ ತಿಳಿದಿರುವುದಿಲ್ಲ. ಬರೆದು ಮುಗಿಸುವ ಒಳ್ಳೆಯ ಪೆನ್ನು, ನೋಟ್‌ಪುಸ್ತಕ, ತರಗತಿಯಲ್ಲಿ ದಿನವೂ ಖಾಲಿಯಾಗುವ ಸಾಮಗ್ರಿ ಇವು ಮೇಲು. ಗಿಫ್ಟ್ ಕಾರ್ಡ್ ಕೊಡುವುದಾದರೆ ಅದರ ಅವಧಿ ಮುಗಿಯುವ ದಿನಾಂಕವನ್ನೂ, ಎಲ್ಲಿ ನಡೆಯುತ್ತದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ಇವೆಲ್ಲಕ್ಕಿಂತ ಶಿಕ್ಷಕರು ಬಹುಕಾಲ ಜೋಪಾನ ಮಾಡುವುದು ಮಗು ತಾನೇ ಬರೆದ ಪತ್ರವನ್ನು. ‘ನೀವು ಒಳ್ಳೆಯ ಶಿಕ್ಷಕರು’ ಎಂದಷ್ಟೇ ಬರೆಸಬೇಡಿ. ‘ಭಿನ್ನರಾಶಿ ಅರ್ಥವಾಗದೆ ಅತ್ತ ದಿನ ನೀವು ಕಾಗದ ಮಡಚಿ ತೋರಿಸಿದಿರಿ’ ಎಂಬಂಥ, ಆ ಒಬ್ಬರಿಗೆ ಮಾತ್ರ ಸಲ್ಲುವ ಒಂದು ನೆನಪನ್ನು ಮಗುವಿನಿಂದ ಕೇಳಿ ತಿಳಿದು, ಅದರ ಮಾತಿನಲ್ಲೇ ಬರೆಯಲು ಬಿಡಿ. ಕಾಗುಣಿತದ ತಪ್ಪುಗಳನ್ನು ತಿದ್ದದಿದ್ದರೂ ನಡೆಯುತ್ತದೆ. 14 ಪತ್ರಗಳನ್ನು ಮಕ್ಕಳು ಒಂದೇ ದಿನ ಬರೆಯಲಾರರು; ಮೂರು ವಾರ ಮುಂಚೆಯೇ ಶುರುಮಾಡಿ, ದಿನಕ್ಕೊಂದರಂತೆ ಬರೆಸಿ.

ಪರೀಕ್ಷೆಗೆ ಮುಂಚೆ ಕೊಟ್ಟದ್ದು ಅಂಕಕ್ಕಾಗಿ ಕೊಟ್ಟಂತೆ ಕಾಣಬಹುದು. ಆದ್ದರಿಂದ ಫಲಿತಾಂಶ ಕೈಸೇರಿದ ಮೇಲೆ ಕೊಡಿ. ಉಡುಗೊರೆಯ ಬೆಲೆಗೆ ಮಿತಿ ಹಾಕಿರುವ, ನಗದನ್ನು ಪೂರಾ ನಿಷೇಧಿಸಿರುವ ಶಾಲೆಗಳೂ ಇವೆ; ನಿಮ್ಮ ಶಾಲೆಯ ನಿಯಮವನ್ನು ಕಚೇರಿಯಲ್ಲಿ ಕೇಳಿದ ನಂತರವೇ ಕೊಳ್ಳಲು ಹೊರಡಿ.

ಪ್ರಶ್ನೆ: ನಮ್ಮ ತರಗತಿಯ ಪೋಷಕರು ಹಣ ಕೂಡಿಸಿ ಒಂದೇ ಉಡುಗೊರೆ ಕೊಡಲು ಹೊರಟಿದ್ದಾರೆ. ಸಂಗ್ರಹದ ಹೊಣೆ ನನ್ನದು. ಎಲ್ಲರಿಂದ ಇಂತಿಷ್ಟೇ ಎಂದು ಕೇಳಬಹುದೇ?

ಉತ್ತರ: ದಯವಿಟ್ಟು ಬೇಡ. ನಿಗದಿತ ಮೊತ್ತವೆಂದರೆ ಕೊಡಲಾಗದ ಕುಟುಂಬಕ್ಕೆ ಅದು ಸಂಕೋಚದ ಹೊರೆಯಾಗುತ್ತದೆ. ಇಷ್ಟವಿದ್ದಷ್ಟು ಕೊಡಬಹುದು, ಕೊಡದಿದ್ದರೂ ಸರಿ ಎಂದು ಮೊದಲ ಸಂದೇಶದಲ್ಲೇ ಬರೆಯಿರಿ, ಯಾರು ಎಷ್ಟು ಕೊಟ್ಟರೆಂಬುದು ನಿಮ್ಮೊಬ್ಬರಲ್ಲೇ ಉಳಿಯಲಿ, ಶುಭಾಶಯ ಪತ್ರದಲ್ಲಿ ತರಗತಿಯ ಪ್ರತಿ ಮಗುವಿನ ಹೆಸರೂ ಇರಲಿ. ಒಟ್ಟು ಸಂಗ್ರಹ, ಒಟ್ಟು ಖರ್ಚು ಈ ಎರಡನ್ನು ಮಾತ್ರ ರಸೀದಿಯೊಂದಿಗೆ ಎಲ್ಲರಿಗೂ ತಿಳಿಸಿ. ಹಣ ಉಳಿದರೆ ಅದನ್ನು ಏನು ಮಾಡುವಿರಿ ಎಂಬುದನ್ನೂ ಸಂಗ್ರಹಕ್ಕೆ ಮೊದಲೇ ಹೇಳಿಬಿಡಿ. ತರಗತಿಯ ಪುಸ್ತಕದ ಕಪಾಟಿಗೆ ಒಂದು ಪುಸ್ತಕ ಕೊಂಡರೆ ಯಾರ ತಕರಾರೂ ಇರಲಾರದು.