ಮುಧೋಳ ನಾಯಿ ಲ್ಯಾಬ್ರಡಾರ್ ಹಾಗೆ ಇರಬೇಕಾ?
ಪಾರ್ಕಿನಲ್ಲಿ ಯಾರಾದರೂ ಮುಟ್ಟಲು ಬಂದರೆ ನಿಮ್ಮ ಮುಧೋಳ ಹಿಂದೆ ಸರಿಯುತ್ತದೆ, ಬೆಕ್ಕು ಕಂಡರೆ ಎಳೆದಾಡುತ್ತದೆ, ಪಕ್ಕದ ಮನೆ ಲ್ಯಾಬ್ರಡಾರ್ ಹಾಗಲ್ಲವಲ್ಲ ಅಂತ ಕೇಳಿದ್ದೀರಿ. ನಾಯಿಯಲ್ಲಿ ದೋಷ ಏನಿಲ್ಲ. ಬಾಗಲಕೋಟೆ ಕಡೆ ಮೊಲದ ಬೇಟೆಗೆ ಬೆಳೆಸಿದ ತಳಿ ಅದು. ಕಣ್ಣೆದುರು ಏನಾದರೂ ಓಡಿದರೆ ಸಾಕು, ನೀವು ಕೂಗಿದ್ದು ಕಿವಿಗೇ ಬೀಳುವುದಿಲ್ಲ. ಹೊಸಬರ ಸಲಿಗೆಯೂ ಅದಕ್ಕೆ ಅಷ್ಟಾಗಿ ಹಿಡಿಸುವುದಿಲ್ಲ.

ದಯವಿಟ್ಟು ಬಲವಂತ ಮಾಡಬೇಡಿ. ಮುಟ್ಟಬೇಡಿ ಅಂತ ಜನರಿಗೆ ನೀವೇ ಹೇಳಿ. ಯಾರಾದರೂ ಪಕ್ಕದಲ್ಲಿ ಹಾದುಹೋದಾಗ ನಾಯಿ ಸುಮ್ನೆ ನಿಂತರೆ, ಆ ಕ್ಷಣವೇ ಬೇಯಿಸಿದ ಕೋಳಿಯ ಚೂರು ಕೊಡಿ. ಅಷ್ಟು ಕಲಿತರೆ ಧಾರಾಳವಾಯಿತು. ಇನ್ನೊಂದು, ಅದರ ತಲೆ ಸಣ್ಣದು, ಕತ್ತು ಉದ್ದ. ಮಾಮೂಲಿ ಕಾಲರ್ ಕಿವಿ ದಾಟಿ ಜಾರಿಬಿಡುತ್ತದೆ. ಮೈಗೆ ಸರಿಯಾಗಿ ಕೂರುವ ಹಾರ್ನೆಸ್ (ಎದೆಯ ಸುತ್ತ ಕಟ್ಟುವ ಪಟ್ಟಿ) ಹಾಕಿ. ಬೇಲಿ ಇಲ್ಲದ ಕಡೆ ಬಿಡಲೇಬೇಡಿ.